ಕಂಬಿಯ ಗಂಟೆ ಸುಮ್ಮನಿದ್ದ ದಿನಗಳು

೮ ಡಿಸೆಂಬರ್ ೧೯೯೭, ಸೋಮವಾರ

ಹಾಸನದ ಡಾಕ್ಟರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಟ್ಟುಬಿಡುತ್ತೇನೆ. ಮಗ ರವಿಕುಮಾರ್ ವರ್ಷಾವರ್ಷ ತಂದುಕೊಡುವ ರೈಲ್ವೆ ಡೈರಿ ಇದು, ಇಲ್ಲಿಯವರೆಗೆ ಖಾಲಿ ಬಿದ್ದಿತ್ತು. ಹೆಂಡತಿ ಲಕ್ಕಮ್ಮ ಇದ್ದಾಗ ಬರೆಯುವ ಅಗತ್ಯವಿರಲಿಲ್ಲ. ಏನಿದ್ದರೂ ಅವಳಿಗೆ ಹೇಳುತ್ತಿದ್ದೆ. ಅವಳು ಅವರೆಕಾಯಿ ಬಿಡಿಸುತ್ತ ‘ಹೂಂ’ ಅನ್ನುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ ದೇವರೇ ಬಲ್ಲ. ಡೈರಿ ಹೂಂ ಕೂಡ ಅನ್ನುವುದಿಲ್ಲ.

ನಡೆದದ್ದು ಇಷ್ಟು. ಶುಕ್ರವಾರ ಸಂಜೆ ಸ್ಕೂಲಿನ ಮೈದಾನದಲ್ಲಿ ಖೋ ಖೋ ಪ್ರಾಕ್ಟೀಸು. ನಮ್ಮ ಗೌತಮಿ, ರವಿಯ ಒಬ್ಬಳೇ ಮಗಳು, ಏಳನೇ ಕ್ಲಾಸು. ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಕಂಬದ ಹತ್ತಿರ ಯಾರನ್ನೋ ಮುಟ್ಟಲು ಹಾರಿದಳಂತೆ. ಆ ಹುಡುಗಿಯನ್ನು ಮುಟ್ಟಿದ್ದೂ ಆಯಿತು, ತಲೆಯನ್ನು ಕಂಬಕ್ಕೆ ಕೊಟ್ಟಿದ್ದೂ ಆಯಿತು. ಸ್ವಲ್ಪ ಹೊತ್ತು ಪ್ರಜ್ಞೆ ಇರಲಿಲ್ಲ. ಕಣ್ಣು ಬಿಟ್ಟವಳು ಕೇಳಿದ ಮೊದಲ ಮಾತು ‘ಔಟ್ ಕೊಟ್ರಾ?’ ಕೊಟ್ರು ಕಣವ್ವ ಅಂದರೆ ನಗುತ್ತಿದ್ದಳು. ಒಂದು ಗಳಿಗೆ ಬಿಟ್ಟು ಮತ್ತೆ ‘ಔಟ್ ಕೊಟ್ರಾ?’ ಹಾಸನ ಮುಟ್ಟುವವರೆಗೂ ಅದೇ ಪ್ರಶ್ನೆ, ಅದೇ ನಗು.

ಡಾಕ್ಟರು ಚಿಕ್ಕ ವಯಸ್ಸಿನವರು. ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನೂ ಬಿಡಲಿಲ್ಲ. ಅದೇ ಹಾಸನದಲ್ಲಿ ಎರಡು ವರ್ಷ ಬಿ.ಎ. ಓದಿ, ಮೂರನೆಯದನ್ನು ಬಿಟ್ಟು ಅರಸೀಕೆರೆ ಜಂಕ್ಷನ್ನಿನ ಪಾರ್ಸಲ್ ಆಫೀಸಿಗೆ ಸೇರಿದವನು ನಾನು. ‘ಎನಿ ವಾಮಿಟಿಂಗ್?’ ಅಂದರು. ‘ನೋ ಸರ್, ಓನ್ಲಿ ಒನ್ಸ್. ದೆನ್ ಅಗೇನ್ ಒನ್ಸ್’ ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟು, ‘ಕನ್ನಡದಲ್ಲೇ ಹೇಳಿ ಯಜಮಾನ್ರೇ’ ಅಂದರು. ಸೊಸೆ ಭಾಗ್ಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಈ ಮೂರು ದಿನದಲ್ಲಿ ಅವಳು ನಕ್ಕದ್ದು ಅಲ್ಲೊಂದೇ ಕಡೆ.

ಮೂಳೆ ಮುರಿದಿಲ್ಲ, ಒಳಗೆ ರಕ್ತ ಸೋರಿಲ್ಲ, ಆದರೆ ಮಿದುಳು ಅಲುಗಿದೆ. ಅದು ತಾನಾಗಿ ನೆಲೆಗೆ ಬರಬೇಕು. ಓದಬಾರದು, ಬರೆಯಬಾರದು, ಟಿ.ವಿ. ಬೇಡ, ಓಟ ಬೇಡವೇ ಬೇಡ, ಬೆಳಕು ಗದ್ದಲ ಕಡಿಮೆ ಇರಲಿ. ಸಂಕ್ರಾಂತಿಯವರೆಗೆ ಸ್ಕೂಲಿಲ್ಲ. ಆಮೇಲೂ ಮೊದಲು ಅರ್ಧ ದಿನ, ತಲೆ ನೋಯಿತೋ ಅಲ್ಲಿಗೇ ನಿಲ್ಲಿಸುವುದು.

ಸಂಕ್ರಾಂತಿ ಎಲ್ಲಿ, ಮಾರ್ಚಿನ ಪಬ್ಲಿಕ್ ಪರೀಕ್ಷೆ ಎಲ್ಲಿ. ಒಂದು ವರ್ಷ ಕಳೆದುಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ನನ್ನ ಆ ಮೂರನೆಯ ವರ್ಷ ಇನ್ನೂ ಹಾಸನದಲ್ಲೇ ನಿಂತಿದೆ. ಮಗುವಿಗೆ ಹಾಗಾಗಲು ಬಿಡುವುದಿಲ್ಲ. ರವಿ ಗೂಡ್ಸ್ ಗಾಡಿಯ ಗಾರ್ಡು, ಗುರುವಾರ ಡ್ಯೂಟಿಗೆ ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿಲ್ಲ. ಭಾಗ್ಯ ಬೇಲೂರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ಮೊದಲ ಬಸ್ಸಿಗೆ ಹೋದವಳು ದೀಪ ಹಚ್ಚಿದ ಮೇಲೆ ಬರುತ್ತಾಳೆ. ಹಗಲೆಲ್ಲ ನಾನೇ ಇನ್‌ಚಾರ್ಜ್. ಕಾಲೇಜಿನಲ್ಲಿ ಒಂದು ಮಾತು ಓದಿದ್ದೆವು, ಪೇಷೆನ್ಸ್ ಈಸ್ ದಿ ಮದರ್ ಆಫ್... ಯಾವುದರ ತಾಯಿಯೋ ಮರೆತೆ. ಪೇಷೆನ್ಸೋ ಇನ್ನೊಂದೋ.

೧೦ ಡಿಸೆಂಬರ್, ಬುಧವಾರ

ಕಿಟಕಿಗೆ ಹಳೆಯ ಕಂಬಳಿ ಕಟ್ಟಿದ್ದೇನೆ. ಕುಕ್ಕರ್ ಕೂಗಿದರೆ ಮಗು ಕಿವಿ ಮುಚ್ಚಿಕೊಳ್ಳುತ್ತದೆ ಎಂದು ಇವತ್ತು ಲಕ್ಕಮ್ಮನ ಪಾತ್ರೆಯಲ್ಲಿ ಅನ್ನ ಬಸಿದೆ. ಅರ್ಧ ಗಂಜಿ, ಅರ್ಧ ಅನ್ನ. ‘ಚೆನ್ನಾಗೈತೆ ತಾತ’ ಅಂದಳು. ಸುಳ್ಳು ಹೇಳುವಷ್ಟು ಹುಷಾರಾಗಿದ್ದಾಳೆ ಎಂದು ಖುಷಿಯಾಯಿತು.

ಆದರೆ ಎಕ್ಸಾಮಿನ್ ಮಾಡದೆ ಒಳಗೆ ಏನಾಗಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಒಂದು ಉಪಾಯ ಹುಡುಕಿದೆ. ಅವಳು ಮೂರು ವರ್ಷದವಳಿದ್ದಾಗಿಂದ ನನ್ನ ತೊಡೆಯ ಮೇಲೆ ಕೂತು ಬೆಂಗಳೂರು ಲೈನಿನ ಸ್ಟೇಷನ್ನುಗಳನ್ನು ಬಾಯಿಪಾಠ ಮಾಡಿದವಳು. ಕರಡಿ ಸ್ಟೇಷನ್ ಬಂದಾಗ ಗುರ್ರ್ ಎಂದು ಗುಡುಗಿ ನನ್ನ ಕಿವಿ ಕಚ್ಚುತ್ತಿದ್ದಳು. ಹನ್ನೆರಡಾದರೂ ಆ ಗುರ್ ಬಿಟ್ಟಿರಲಿಲ್ಲ.

‘ಗಾಡಿ ಬಿಡು ಮಗ. ಅರಸೀಕೆರೆ...’

‘ಹೊನ್ನವಳ್ಳಿ ರೋಡ್. ತಿಪಟೂರು.’ ನಿಂತಳು. ಹುಬ್ಬು ಗಂಟಾಯಿತು. ‘ಗುಬ್ಬಿ.’

‘ಗುಬ್ಬಿ ಇನ್ನೂ ಎಲ್ಲೋ ಐತೆ. ಕರಡಿ ಬಿಟ್ಟುಬಿಟ್ಟೆಯಲ್ಲ.’

‘ಹೂಂ. ಕರಡಿ’ ಅಂದಳು. ಗುರ್ ಅನ್ನಲಿಲ್ಲ.

ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಭಾಗ್ಯ ಬರುವಾಗ ಒಂದು ಚಿಪ್ಪು ಬಾಳೆಹಣ್ಣು ತಂದಳು. ಹಳೇಬೀಡಿನ ಕೆಂಚಪ್ಪನದು. ನನ್ನ ಜೊತೆ ಪಾರ್ಸಲ್ ಆಫೀಸಿನಲ್ಲಿ ಮೂಟೆ ತೂಗುತ್ತಿದ್ದವನು, ಈಗ ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಹಣ್ಣಿನಂಗಡಿ ಇಟ್ಟಿದ್ದಾನೆ. ಬಸ್ಸಿನ ಕಿಟಕಿಯಲ್ಲಿ ಹಣ್ಣು ತೂರಿಸಿ, ‘ನಿಮ್ಮಾವನ್ ಗಾಡಿ ಅರಸೀಕೆರೆ ಬುಟ್ಟು ಕದಲಕಿಲ್ವಾ ಅಂತ ಕೇಳವ್ವ’ ಅಂದನಂತೆ. ಲಕ್ಕಮ್ಮನ ತಿಥಿಗೆ ಬಂದವನಿಗೆ, ಒಂದು ಸಲ ನಿಮ್ಮೂರಿಗೆ ಬರುತ್ತೇನೆ ಅಂದಿದ್ದೆ. ಎರಡು ವರ್ಷವಾಯಿತು. ಹೋಗೋಣ, ಹೋಗದೆ ಏನು. ಈಗಂತೂ ಸಾಧ್ಯವಿಲ್ಲ.

೧೫ ಡಿಸೆಂಬರ್, ಸೋಮವಾರ

ಇವತ್ತು ಗುಬ್ಬಿಯವರೆಗೆ ಸರಿಯಾಗಿ ಹೇಳಿದಳು. ಸಂಪಿಗೆ ರೋಡ್ ಒಂದು ಜಾರಿತು. ಪ್ರೋಗ್ರೆಸ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳುತ್ತಿದ್ದೇನೆ. ಹದಿನೇಳರ ಮಗ್ಗಿಯನ್ನೂ ಸೇರಿಸಿದೆ.

೧೯ ಡಿಸೆಂಬರ್, ಶುಕ್ರವಾರ

ಅರಸೀಕೆರೆಯಿಂದ ತುಮಕೂರು, ತುಮಕೂರಿನಿಂದ ಅರಸೀಕೆರೆ. ಹೋಗುವಾಗಲೂ ಬರುವಾಗಲೂ ಒಂದೇ ಒಂದು ಸ್ಟೇಷನ್ ತಪ್ಪಲಿಲ್ಲ. ಮಗ್ಗಿ ನೀರು ಕುಡಿದಂತೆ. ಎದೆಯ ಮೇಲಿನ ಮೂಟೆ ಇಳಿದ ಹಾಗಾಯಿತು. ಬೀದಿ ಕೊನೆಯವರೆಗೆ ಹೋಗಿ ನಾನೊಬ್ಬನೇ ಟೀ ಕುಡಿದು ಬಂದೆ.

ಸಂಜೆ ಭಾಗ್ಯ ಮುಖ ತೊಳೆದು ಬರುವಷ್ಟರಲ್ಲಿ ಮತ್ತೆ ಶುರು ಮಾಡಿದ್ದೆ. ಅವಳು ಟವೆಲು ಕೈಯಲ್ಲಿ ಹಿಡಿದು ನಿಂತಳು.

‘ಮಾವ, ಇದೇನು ಅಟ್ಟದ ಮೇಲಿನ ಕೊಬ್ಬರಿ ಕಾಯಾ? ಒಣಗಿತೋ ಇಲ್ವೋ ಅಂತ ದಿನಾ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀರಲ್ಲ?’

‘ಅಲ್ಲಾಡಿಸದೆ ಗೊತ್ತಾಗೋದು ಹೆಂಗಮ್ಮ?’

‘ಅಲ್ಲಾಡಿಸಿದ್ರೆ ಕಾಯಿ ಬೇಗ ಒಣಗುತ್ತಾ?’

ಸೊಸೆಯರಿಗೆ ಕೆಲಸ ಸಿಕ್ಕಿದ ಮೇಲೆ ಮಾತು ಜಾಸ್ತಿ. ಆದರೂ ಒಳ್ಳೆಯ ಹುಡುಗಿ.

೨೩ ಡಿಸೆಂಬರ್, ಮಂಗಳವಾರ

ಹೆಡ್ಮಾಸ್ಟರ್ ಜಯದೇವಪ್ಪನವರನ್ನು ನೋಡಿ ಬಂದೆ. ಪಬ್ಲಿಕ್ ಪರೀಕ್ಷೆಗೆ ಪಾಠಗಳೆಲ್ಲ ಈಗಲೇ ಮುಗಿಯುತ್ತಿವೆ, ಸಂಕ್ರಾಂತಿಯವರೆಗೆ ಕಾದರೆ ಮಗುವಿಗೆ ಉಳಿಯುವುದು ಏನು? ಅವರು ಕನ್ನಡಕ ತೆಗೆದು ಒರೆಸಿದರು.

‘ಡಾಕ್ಟರು ಬರೆದುಕೊಟ್ಟಿದ್ದಾರಾ ಜವರಯ್ಯ?’

‘ನಾನು ಹೇಳ್ತೀನಲ್ಲ ಸಾರ್. ತುಮಕೂರಿಗೆ ಹೋಗಿ ವಾಪಸ್ ಬರ್ತಾಳೆ, ಒಂದು ಸ್ಟೇಷನ್ ಮಿಸ್ಸಾಗಲ್ಲ. ಪರ್ಫೆಕ್ಟ್ಲಿ ಆಲ್‌ರೈಟ್.’

‘ನಿಮ್ಮ ಜವಾಬ್ದಾರಿ ಅಂತೀರಾ?’

‘ನಂದೇ.’

ಹೊರಗೆ ಬಂದಾಗ ಅಟೆಂಡರ್ ಗಿಡ್ಡಯ್ಯ ಊಟದ ಗಂಟೆ ಹೊಡೆಯುತ್ತಿದ್ದ. ಗಂಟೆ ಎಂದರೆ ಹೊಂಗೆ ಮರದ ಕೊಂಬೆಗೆ ನೇತುಹಾಕಿದ ರೈಲು ಕಂಬಿಯ ತುಂಡು. ರವಿ ಅಲ್ಲಿ ಓದುತ್ತಿದ್ದಾಗ ಲೈನ್ ಬದಲಾಯಿಸಿ ಉಳಿದ ಕಂಬಿಯನ್ನು ಇಂಜಿನಿಯರರ ಹತ್ತಿರ ಪರ್ಮಿಷನ್ ತಗೊಂಡು ನಾನೇ ಸ್ಕೂಲಿಗೆ ಕೊಡಿಸಿದ್ದು. ಆ ವರ್ಷದ ಸ್ವಾತಂತ್ರ್ಯ ದಿನ ನನಗೆ ಹಾರ ಹಾಕಿದ್ದರು. ಲಕ್ಕಮ್ಮ ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದಳು. ಇವತ್ತಿಗೂ ಆ ನಾದ ಸ್ಟೇಷನ್ನಿನವರೆಗೆ ಕೇಳುತ್ತದೆ. ‘ನಿಮ್ ಕಂಬಿ ಇನ್ನೂ ಗಟ್ಟಿ ಐತೆ ಜವರಣ್ಣ’ ಎಂದು ಗಿಡ್ಡಯ್ಯ ಇನ್ನೆರಡು ಏಟು ಜಾಸ್ತಿ ಕೊಟ್ಟ.

ಭಾಗ್ಯ ಒಪ್ಪಲಿಲ್ಲ. ರವಿಗೆ ಹೇಳಿ ಕಳಿಸೋಣ ಅಂದಳು. ಗೌತಮಿಯೇ, ‘ಹೋಗ್ತೀನಿ ಕಣಮ್ಮ, ನಂಗೇನಾಗೈತೆ’ ಅಂದಳು. ಮಗುವೇ ಅಂದ ಮೇಲೆ ಮುಗಿಯಿತಲ್ಲ.

೨೯ ಡಿಸೆಂಬರ್, ಸೋಮವಾರ

ಸ್ಕೂಲಿಗೆ ಕಳಿಸಿದೆ. ಕಳಿಸಬಾರದಾಗಿತ್ತು.

೩೦ ಡಿಸೆಂಬರ್, ಮಂಗಳವಾರ

ನಿನ್ನೆ ಪ್ರಾರ್ಥನೆಯ ಗಂಟೆಗೇ ಗೌತಮಿಯ ಮುಖದ ಬಣ್ಣ ಹೋಯಿತಂತೆ. ಆದರೂ ಲೈನಿನಲ್ಲಿ ನಿಂತಳು. ಮೊದಲ ಎರಡು ಪೀರಿಯಡ್ಡು ಬೋರ್ಡು ನೋಡಿ ಬರೆದುಕೊಂಡಿದ್ದಾಳೆ, ಅಕ್ಷರಗಳೆಲ್ಲ ಗೆರೆ ಬಿಟ್ಟು ಕೆಳಗಿಳಿದಿವೆ. ಬಿಡುವಿನ ಗಂಟೆ ಹೊಡೆದಾಗ ಎರಡೂ ಕೈಯಿಂದ ತಲೆ ಹಿಡಿದು ಬೆಂಚಿನ ಕೆಳಗೆ ಕೂತುಬಿಟ್ಟಳು. ವಾಂತಿ. ಅವಳ ಟೀಚರ್ ಅನುಸೂಯಮ್ಮ ಅವಳನ್ನು ಮಡಿಲಲ್ಲಿ ಹಾಕಿಕೊಂಡು ಆಟೋದಲ್ಲಿ ಮನೆಗೆ ತಂದರು. ಮತ್ತೆ ಹಾಸನ. ಮತ್ತೆ ಅದೇ ಡಾಕ್ಟರು. ಬೈಯಲಿಲ್ಲ. ‘ಮೊದಲಿಂದ ಶುರು ಮಾಡಿ’ ಅಂದರು. ಭಾಗ್ಯಳೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಕತ್ತಲ ಕೋಣೆಯಲ್ಲಿ ಅವಳ ಪಕ್ಕ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು.

‘ತಾತ, ನಂಗೆ ಸ್ಟೇಷನ್ ಬತ್ತಿರ್ಲಿಲ್ಲ. ಬೆಳಗಾಗೆದ್ದು ನೀನು ಹಾಲು ತರಕ್ಕೆ ಹೋದಾಗ ಪ್ರಾಕ್ಟೀಸ್ ಮಾಡ್ಕತಿದ್ದೆ. ತಲೆ ಸಿಡೀತಿತ್ತು. ಆದ್ರೂ ಮಾಡ್ಕತಿದ್ದೆ.’

‘ಯಾಕ್ ಮಗ? ಬರಲ್ಲ ಅಂದಿದ್ರೆ ನಾನೇನ್ ಹೊಡೀತಿದ್ನಾ?’

‘ತಪ್ಪು ಹೇಳಿದ ದಿವ್ಸ ನೀನು ಅಡುಗೆಮನೇಲಿ ಹೋಗಿ ನಿಂತ್ಕಂಡೆ. ಅಜ್ಜಿ ಹೋದಾಗ ಹಂಗೇ ಮಾಡ್ತಿದ್ದೆ. ಮತ್ತೆ ಹಂಗೇ ಕೂತ್ಬುಡ್ತೀಯ ಅಂತ.’

ಇಷ್ಟು ಹೇಳಿ ಮಲಗಿದಳು. ಕಂಬಳಿಯ ಸಂದಿಯಿಂದ ಬೀದಿ ದೀಪ ಅವಳ ಮುಖದ ಮೇಲೆ ಬೀಳುತ್ತಿತ್ತು. ಆ ಸಂದಿಗೊಂದು ಪಿನ್ನು ಹಾಕಿದೆ.

೫ ಜನವರಿ ೧೯೯೮, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ. ಅವಳು ಮಲಗಿರುತ್ತಾಳೆ, ನಾನು ಕೂತಿರುತ್ತೇನೆ. ಹೀಗೆ ಮಾತಾಡದೆ ಕೂತಿರುವುದು ನನಗೆ ಅಭ್ಯಾಸವಿಲ್ಲ. ಮೊದಲೆರಡು ದಿನ ಬಾಯಿ ತುರಿಸಿತು. ಆಮೇಲೆ ಕಡಿಮೆಯಾಯಿತು.

ಬೆಳಿಗ್ಗೆ ಅವಳೇ ಕೇಳಿದಳು, ‘ಸ್ಟೇಷನ್ ಕೇಳಲ್ವಾ?’

‘ಲೈನ್ ರಿಪೇರಿ ನಡೀತೈತೆ. ಗಾಡಿ ಬಿಡಂಗಿಲ್ಲ.’

‘ಎಷ್ಟು ದಿವ್ಸ?’

‘ಅದು ಇಂಜಿನಿಯರ್ಗೆ ಗೊತ್ತು. ನಾವು ಪಾರ್ಸಲ್ನೋರು, ನಮ್ಗೆ ಯಾರ್ ಹೇಳ್ತಾರೆ?’

ನಕ್ಕಳು. ಸಣ್ಣಗೆ. ನಮ್ಮ ಮನೆಯಿಂದ ಲೈನು ದೂರವೇನಿಲ್ಲ, ಗೂಡ್ಸ್ ಹೋದರೆ ಗೋಡೆಗೆ ಕಿವಿಯಿಟ್ಟಂತೆ ಕೇಳುತ್ತದೆ. ಅದರಿಂದ ತಲೆ ನೋಯುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳೇ ಹೇಳಿದಳು, ‘ರೈಲಿನ ಸದ್ದಿಗೆ ನೋಯಲ್ಲ ತಾತ. ಅದು ಬತ್ತದೆ, ಹೋಗ್ತದೆ. ಗಂಟೆ ಹಂಗಲ್ಲ, ಬಂದು ಒಳಗೇ ಕೂತ್ಕತದೆ.’

ಅನ್ನ ಈಗ ಉದುರುದುರಾಗಿ ಬರುತ್ತಿದೆ. ಗಂಜಿಗೆ ಸ್ವಲ್ಪ ಉಪ್ಪು ಹಾಕಿ ಇಬ್ಬರೂ ಕುಡಿದೆವು.

೧೪ ಜನವರಿ, ಬುಧವಾರ, ಸಂಕ್ರಾಂತಿ

ರವಿ ರಜೆ ಹಾಕಿ ಬಂದಿದ್ದಾನೆ. ಕಿಟಕಿಯ ಕಂಬಳಿ ತೆಗೆದೆವು. ಭಾಗ್ಯ ಎಳ್ಳು ಬೆಲ್ಲ ಕಲಸಿದ್ದಳು, ಗೌತಮಿ ಹೊಸಿಲ ಹತ್ತಿರ ಕೂತು ಬಂದವರಿಗೆಲ್ಲ ಚಮಚದಲ್ಲಿ ಕೊಟ್ಟಳು. ಖೋ ಖೋ ಟೀಮಿನ ಹುಡುಗಿಯರೂ ಬಂದರು. ಟೈಲರ್ ಮಗಳು ನಸ್ರೀನ್ ಅವರ ಕ್ಯಾಪ್ಟನ್ನು. ಒಳಗೆ ಬರುವ ಮೊದಲೇ ಎಲ್ಲರಿಗೂ ಬಾಯ ಮೇಲೆ ಬೆರಳಿಟ್ಟು ತೋರಿಸಿದಳು. ಹಾಗಾಗಿ ಇಡೀ ಟೀಮು ಕಳ್ಳರ ಹಾಗೆ ತುದಿಗಾಲಲ್ಲಿ ಬಂದಿತು. ನಾನು ಬಾಗಿಲ ಬಳಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

‘ಯಾವಾಗ್ ಬರ್ತೀಯೇ?’

‘ಪಾಠಕ್ಕೆ ಬತ್ತೀನಿ ಕಣೇ. ಗಂಟೆಗೆ ಭಯ. ಹೊಡೀತಾರೆ ಅಂತ ಮೊದ್ಲಿಂದ್ಲೇ ಎದೆ ಡವಡವ ಅಂತದೆ. ಆಮೇಲೆ ಪಾಠ ಕೇಳಕ್ಕಾಗಲ್ಲ.’

‘ಥೂ, ಆ ಗಂಟೆ ಯಾರ್ ತಂದಾಕಿದ್ರೋ’ ಅಂದಳು ನಸ್ರೀನ್.

ಗೌತಮಿ ನನ್ನ ಕಡೆ ನೋಡಿದಳು. ನಾನು ಎಳ್ಳಿನಲ್ಲಿ ಕಲ್ಲು ಹುಡುಕಿದೆ.

೧೯ ಜನವರಿ, ಸೋಮವಾರ

ಜಯದೇವಪ್ಪನವರ ಮುಂದೆ ನಿಂತು, ಗಂಟೆ ಹೊಡೆಯುವುದನ್ನು ಸ್ವಲ್ಪ ದಿನ ನಿಲ್ಲಿಸಬೇಕು ಅಂದೆ.

‘ನಿಲ್ಲಿಸೋದಾ? ಏಳು ಕ್ಲಾಸು, ಎಲ್ಲಾರ ಹತ್ರಾನೂ ವಾಚ್ ಐತೇನ್ರಿ? ನೀವೇ ಕೊಡಿಸಿದ ಗಂಟೆ ಜವರಯ್ಯ.’

‘ಕೊಡಿಸಿದವನೇ ಬೇಡ ಅಂತಿದ್ದೀನಿ ಸಾರ್.’

ಗಿಡ್ಡಯ್ಯ ಸುತ್ತಿಗೆಗೆ ಹಳೇ ಬನಿಯನ್ ಸುತ್ತಿ ನೋಡಿದ. ದೊಪ್ ಎಂದಿತು. ಐದನೇ ಕ್ಲಾಸಿನವರಿಗೇ ಕೇಳಲಿಲ್ಲ. ‘ಹಲಸಿನ್ ಹಣ್ಣು ಬಿದ್ದಂಗಾತು’ ಎಂದು ಅವನೇ ನಕ್ಕ. ಹೆಡ್ಮಾಸ್ಟರು ಕೈ ತೋರಿಸಿದರು, ನೋಡಿ, ನಾನೇನು ಮಾಡಲಿ ಎಂಬಂತೆ.

ಬಾಗಿಲಲ್ಲಿ ನಸ್ರೀನ್ ನಿಂತಿದ್ದಳು. ಅನುಸೂಯಮ್ಮ ಹಾಜರಿ ಪುಸ್ತಕ ಕೊಟ್ಟು ಕಳಿಸಿದ್ದರು. ‘ಸಾರ್, ಖೋ ಕೊಡೋಣ ಸಾರ್’ ಅಂದಳು.

‘ಏನ್ ಕೊಡೋಣ?’

‘ಟೈಮ್ ಆದಾಗ ಗಿಡ್ಡಯ್ಯಣ್ಣ ಒಂದನೇ ಕ್ಲಾಸಿನ ಬಾಗಿಲ ಹತ್ರ ಕೂತಿರೋರ ಬೆನ್ನು ಮುಟ್ಟಿ ಖೋ ಅನ್ನೋದು. ಅವರು ಎದ್ದು ಹೋಗಿ ಎರಡನೇ ಕ್ಲಾಸಿಗೆ ಕೊಡೋದು. ಅವರು ಮೂರನೇದಕ್ಕೆ. ಹಂಗೇ ನಮ್ಮ ಕ್ಲಾಸಿನವರೆಗೂ. ಮೆತ್ತಗೆ ಸಾರ್, ಕಿರುಚಂಗಿಲ್ಲ.’

ಹೆಡ್ಮಾಸ್ಟರು ಅನುಸೂಯಮ್ಮನನ್ನು ಕರೆಸಿದರು. ಅವರು, ‘ಒಂದು ವಾರ ನೋಡೋಣ ಸಾರ್, ಗಂಟೆ ಎಲ್ಲೂ ಓಡಿ ಹೋಗಲ್ಲ’ ಅಂದರು. ಗಿಡ್ಡಯ್ಯ ಬೇಜಾರಿನಲ್ಲಿ ಸುತ್ತಿಗೆಯನ್ನು ಬೀರುವಿನ ಮೇಲಿಟ್ಟ.

ಮನೆಗೆ ಬರುವ ದಾರಿಯಲ್ಲಿ ಆ ಮಾತು ನೆನಪಾಯಿತು. ಪೇಷೆನ್ಸ್ ಅಲ್ಲ, ನೆಸೆಸಿಟಿ. ಅದರ ಮಗುವಿನ ಹೆಸರು ಮಾತ್ರ ಇನ್ನೂ ಬರುತ್ತಿಲ್ಲ.

೨ ಫೆಬ್ರವರಿ, ಸೋಮವಾರ

ಅರ್ಧ ದಿನದ ಸ್ಕೂಲು ಶುರುವಾಗಿ ಒಂದು ವಾರವಾಯಿತು. ಅವಳ ಜೊತೆ ನಾನೂ ಹೋಗುತ್ತೇನೆ. ಏಳನೇ ಕ್ಲಾಸಿನ ಹೊರಗೆ ಹೊಂಗೆ ಮರದ ಕೆಳಗೊಂದು ಕಲ್ಲು ಬೆಂಚಿದೆ, ಸುಮ್ಮನೆ ನೇತಾಡುವ ಕಂಬಿಯ ಪಕ್ಕದಲ್ಲೇ. ತಲೆ ನೋಯಿತೆಂದರೆ ಮಗು ಕಿಟಕಿಯಿಂದ ಕೈ ತೋರಿಸಬೇಕು, ನಾನು ಮನೆಗೆ ಕರೆದುಕೊಂಡು ಹೋಗಬೇಕು. ಅಷ್ಟೇ ನನ್ನ ಕೆಲಸ. ಅನುಸೂಯಮ್ಮ ಅವಳಿಗೆ ಬೋರ್ಡು ನೋಡಿ ಬರೆಯಲು ಹೇಳುವುದಿಲ್ಲ. ನಸ್ರೀನ್ ಕಾರ್ಬನ್ ಹಾಳೆ ಇಟ್ಟು ಇಬ್ಬರಿಗೂ ಸೇರಿಸಿ ಬರೆಯುತ್ತಾಳೆ. ಕಣ್ಣು ದಣಿದರೆ ಆಟದ ಸಾಮಾನಿನ ಕೋಣೆಯಲ್ಲಿ ಚಾಪೆ ಹಾಸಿಟ್ಟಿದ್ದಾರೆ.

ಖೋ ಗಂಟೆಯದೇ ಒಂದು ಪುರಾಣ. ಮೊದಲ ದಿನ ಒಂದನೇ ಕ್ಲಾಸಿನ ಪೋರನೊಬ್ಬ ಎರಡನೇ ಕ್ಲಾಸಿಗೆ ಖೋ ಕೊಟ್ಟು ಅಲ್ಲೇ ಕೂತುಬಿಟ್ಟ. ಮೇಷ್ಟ್ರು ಎಬ್ಬಿಸಿದರೆ ಏಳುವುದಿಲ್ಲ. ‘ಖೋ ಕೊಟ್ಟೋರು ಅವರ್ ಜಾಗದಲ್ಲಿ ಕೂತ್ಕಬೇಕು ಸಾ, ರೂಲ್ಸು’ ಎಂದು ವಾದ. ಇನ್ನೊಂದು ದಿನ ನಾಲ್ಕನೇ ಕ್ಲಾಸಿನ ಹುಡುಗಿ ಖೋ ತಗೊಂಡವಳು ದಾರಿಯಲ್ಲಿ ನಾಯಿಮರಿ ನೋಡುತ್ತ ನಿಂತಳು. ಐದು, ಆರು, ಏಳು ಮೂರೂ ಕ್ಲಾಸು ಊಟದ ಹೊತ್ತು ಮೀರಿದರೂ ಲೆಕ್ಕ ಮಾಡುತ್ತಲೇ ಇದ್ದವು. ಜಯದೇವಪ್ಪನವರು ಹೊರಗೆ ಬಂದು ನನ್ನನ್ನು ನೋಡಿದರು. ನಾನು ಕಂಬಿಯನ್ನು ನೋಡಿದೆ.

ಮಕ್ಕಳು ನನಗೆ ಗಾರ್ಡ್ ತಾತ ಎಂದು ಹೆಸರಿಟ್ಟಿದ್ದಾರೆ. ಗಾರ್ಡು ನನ್ನ ಮಗ, ನಾನಲ್ಲ ಎಂದು ಹೇಳಿ ಸಾಕಾಯಿತು. ಬಿಡುವಿನಲ್ಲಿ ಬಂದು ಇಂಗ್ಲಿಷ್ ಪದಗಳಿಗೆ ಅರ್ಥ ಕೇಳುತ್ತಾರೆ. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳದೆ ಓಡಿಹೋಗುತ್ತಾರೆ.

೧೧ ಫೆಬ್ರವರಿ, ಬುಧವಾರ

ಇವತ್ತು ಏಳುವಾಗಲೇ ತಲೆನೋವು. ಮನೆಯಲ್ಲೇ ಉಳಿದೆವು. ಮಧ್ಯಾಹ್ನ ಇಬ್ಬರೂ ನಿದ್ದೆ ಮಾಡಿದೆವು.

೨೬ ಫೆಬ್ರವರಿ, ಗುರುವಾರ

ಶಿವರಾತ್ರಿಯ ರಜೆ ಮುಗಿದು ಇವತ್ತು ಪೂರ್ತಿ ದಿನ ಕೂತಿದ್ದಳು. ಚಾಪೆಗೆ ಒಂದು ಸಲ ಹೋಗಿ ಬಂದಳು. ಸಂಜೆ ಅನುಸೂಯಮ್ಮ ನನ್ನ ಹತ್ತಿರ ಬಂದು, ‘ಪರೀಕ್ಷೆ ಅರ್ಜಿಗೆ ಹೆಸರು ಕೊಟ್ಟಿದೀನಿ ಜವರಯ್ಯನವರೇ. ಏನಂತೀರಿ?’ ಅಂದರು. ಯಾವ ಪರೀಕ್ಷೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ‘ಅದು ಅವಳನ್ನೇ ಕೇಳಿ ಮೇಡಂ’ ಅಂದೆ.

‘ಆದಷ್ಟು ಬರೀತೀನಿ. ತಲೆ ನೋಯ್ತು ಅಂದ್ರೆ ಎದ್ದು ಬತ್ತೀನಿ’ ಅಂದಳು ಗೌತಮಿ.

‘ಫೇಲಾದ್ರೆ?’

‘ಮತ್ತೆ ಏಳನೇ ಕ್ಲಾಸು. ಖೋ ಖೋ ಟೀಮಲ್ಲಿ ಇನ್ನೊಂದ್ ವರ್ಷ ಇರಬೋದು.’

ಸರಿಯಾಗಿಯೇ ಹೇಳಿದಳು ಅನ್ನಿಸಿತು. ವಾಪಸು ಬರುವಾಗ ಲೈನಿನ ಪಕ್ಕದ ದಾರಿಯಲ್ಲಿ ತಿಪಟೂರು ಕಡೆಯಿಂದ ಒಂದು ಗೂಡ್ಸ್ ಬಂತು. ಅದು ದಾಟಿ ಹೋಗುವವರೆಗೆ ನಿಂತೆವು. ‘ಇದು ಕರಡಿ ದಾಟ್ಕಂಡ್ ಬಂದಿರ್ತದೆ’ ಅಂದವಳೇ ಗುರ್ರ್ ಎಂದು ನನ್ನ ಕಿವಿಯ ಹತ್ತಿರ ಬಂದಳು. ನನ್ನ ಛತ್ರಿ ಚರಂಡಿಗೆ ಬಿತ್ತು. ಛತ್ರಿ ತೊಳೆದು ಒಣಗಿಸಿದ್ದೇನೆ, ಒಂದು ಕಡ್ಡಿ ಬಾಗಿದೆ.

೧೩ ಮಾರ್ಚ್, ಶುಕ್ರವಾರ

ಈ ಹತ್ತು ದಿನ ಅವಳು ಒಂದು ಸಲವೂ ಕಿಟಕಿಯಿಂದ ಕೈ ತೋರಿಸಿಲ್ಲ. ನಾನು ದಿನವೂ ಕೂತಿರುತ್ತೇನೆ. ಬೆಂಚಿನ ಕಲ್ಲು ನನ್ನ ಅಳತೆಗೆ ಸವೆದಿದೆಯೇನೋ, ಕೂತರೆ ಏಳುವ ಮನಸ್ಸಾಗುವುದಿಲ್ಲ.

ಇವತ್ತು ಸಂಜೆ ಕೊನೆಯ ಪೀರಿಯಡ್ಡು. ಒಂದನೇ ಕ್ಲಾಸಿನಿಂದ ಖೋ ಹೊರಟಿತು. ಎಂದಿನಂತೆ ಜಗಲಿಯುದ್ದಕ್ಕೂ ಪುಟ್ಟ ಪುಟ್ಟ ಹೆಜ್ಜೆಗಳು, ಒಂದೊಂದು ಬಾಗಿಲಲ್ಲಿ ಒಂದು ಪಿಸುಮಾತು. ಆರನೇ ಕ್ಲಾಸಿನ ಹುಡುಗ ಏಳನೆಯದಕ್ಕೆ ಬಂದು ಬಾಗಿಲ ಪಕ್ಕದಲ್ಲಿ ಕೂತ ಗೌತಮಿಯ ಬೆನ್ನು ಮುಟ್ಟಿದ. ಅಲ್ಲಿಗೆ ಮುಗಿಯಬೇಕು. ಏಳರ ಮುಂದೆ ಕ್ಲಾಸಿಲ್ಲ. ದಿನವೂ ಅವಳು ಕೂತಲ್ಲೇ ಕೈ ಎತ್ತುತ್ತಾಳೆ, ಟೀಚರು ಪುಸ್ತಕ ಮುಚ್ಚುತ್ತಾರೆ.

ಇವತ್ತು ಎದ್ದಳು. ಹೊಸಿಲು ದಾಟಿದಳು. ಓಡಲಿಲ್ಲ, ಆದರೆ ನಡೆದಳು ಎಂದೂ ಹೇಳಲಾಗದು. ನನ್ನ ಹಿಂದೆ ಬಂದು ಬೆನ್ನ ಮೇಲೆ ಅಂಗೈ ಇಟ್ಟಳು.

‘ಖೋ.’

‘ಏನ್ ಮಗ, ತಲೆ ನೋಯ್ತಾ?’

‘ಇಲ್ಲ. ನಿಂಗೆ ಖೋ ಕೊಟ್ಟೆ. ಏಳು.’

ಎದ್ದೆ. ಅವಳು ನನ್ನ ಜಾಗದಲ್ಲಿ ಕೂತಳು, ಖೋ ಖೋದಲ್ಲಿ ಕೂರುವ ಹಾಗೆ, ಒಂದು ಕೈ ಕಲ್ಲಿಗೆ ಊರಿಕೊಂಡು. ಕಿಟಕಿಯಲ್ಲಿ ನಸ್ರೀನ್, ಅವಳ ಹಿಂದೆ ಇಡೀ ಕ್ಲಾಸು.

‘ಎದ್ದು ಎಲ್ಲಿಗ್ ಹೋಗ್ಲೇ?’

‘ಅದು ನಿನ್ನಿಷ್ಟ. ನಾಳೆಯಿಂದ ಇಲ್ಲಿ ಕೂರಂಗಿಲ್ಲ. ನಾನೂ ನಸ್ರೀನೂ ಬತ್ತೀವಿ, ಹೋಗ್ತೀವಿ.’ ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದಳು, ‘ಒಂದು ಕಡೆ ಹೊರಟ್ರೆ ಹಿಂದಕ್ಕೆ ತಿರುಗಂಗಿಲ್ಲ ತಾತ. ಫೌಲು.’

ಗಿಡ್ಡಯ್ಯ ಆ ಕಡೆಯಿಂದ ಕೂಗಿದ, ‘ಸೋಮವಾರ್ದಿಂದ ಗಂಟೆ ಬಾರಿಸ್ಬೋದೇನವ್ವ?’

ಗೌತಮಿ ಕಂಬಿಯನ್ನು ನೋಡಿದಳು. ಎದ್ದು ಹೋಗಿ ಬೆರಳಿನಿಂದ ಒಂದು ಸಲ ತಟ್ಟಿದಳು. ಕಿವಿ ಕೊಟ್ಟು ಕೇಳಿದಳು. ‘ಬಾರಿಸಿ. ಮೊದ್ಲು ನಂಗೆ ಹೇಳಿ ಬಾರಿಸಿ.’

೧೬ ಮಾರ್ಚ್, ಸೋಮವಾರ

ಬೆಳಿಗ್ಗೆ ಭಾಗ್ಯಳ ಜೊತೆ ಮೊದಲ ಬಸ್ಸು ಹತ್ತಿದೆ. ಅವಳು ಏನೂ ಕೇಳಲಿಲ್ಲ, ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಹಳೇಬೀಡಿನಲ್ಲಿ ಇಳಿದೆ. ಕೆಂಚಪ್ಪ ಬಸ್ಸಿನ ಕಿಟಕಿಗೆ ಬಾಳೆಹಣ್ಣು ಚಾಚಿಕೊಂಡು ನಿಂತಿದ್ದ. ನನ್ನನ್ನು ನೋಡಿ ಚಿಪ್ಪನ್ನು ಎದೆಗೆ ಒತ್ತಿ ಹಿಡಿದ.

‘ಏನ್ಲಾ ಜವರ, ಗಾಡಿ ಲೇಟು.’

‘ಬಂತಲ್ಲ.’

ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ ಕೆರೆ ಏರಿಗೆ ಕರೆದುಕೊಂಡು ಹೋದ. ನೀರು ಈ ಸಲ ಪರವಾಗಿಲ್ಲ. ಲಕ್ಕಮ್ಮನ ವಿಷಯ ಬಂತು. ಅವನ ಹೆಂಡತಿಗೂ ಅವಳಿಗೂ ಉಪ್ಪಿನಕಾಯಿಯ ಜಾಡಿಯ ಬಗ್ಗೆ ಇದ್ದ ಜಗಳ ನೆನೆಸಿಕೊಂಡು ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಮಾತು ನಿಂತಿತು. ನಾನೂ ಎಳೆದು ತರಲಿಲ್ಲ. ಒಂದು ನೀರುಕಾಗೆ ಮುಳುಗಿತು, ಎಲ್ಲಿ ಏಳುತ್ತದೋ ಎಂದು ನೋಡುತ್ತ ಕೂತಿದ್ದೆವು.

ಹೊತ್ತು ಹತ್ತೂವರೆ ಇರಬೇಕು. ಅರಸೀಕೆರೆಯಲ್ಲಿ ಈಗ ಗಿಡ್ಡಯ್ಯ ಸುತ್ತಿಗೆ ಎತ್ತಿರುತ್ತಾನೆ.

‘ಮಗ ಹೆಂಗವಳ್ಲಾ?’ ಎಂದು ಕೆಂಚಪ್ಪ ಕೇಳಿದ.

‘ಗೊತ್ತಿಲ್ಲ ಕಣೋ’ ಅಂದೆ. ‘ಸ್ಕೂಲಲ್ಲವಳೆ.’